ಮಿಯಾಂದಾದ್ ಅಂದ್ರೆ ಬರೀ ಒಂದು ಸಿಕ್ಸರ್ ಅಲ್ಲ

ಪಾಕಿಸ್ತಾನದ ಬ್ಯಾಟ್ಸ್‌ಮನ್ ಯೂನಿಸ್ ಖಾನ್ ಮುಂದೆ ಅದೇ ದೇಶದ ಹಳೇ ಬ್ಯಾಟ್ಸ್‌ಮನ್ ಜಾವೇದ್ ಮಿಯಾಂದಾದ್ ಏನೂ ಅಲ್ಲ, 1986ರಲ್ಲಿ ಶಾರ್ಜಾದಲ್ಲಿ ಭಾರತದ ವಿರುದ್ಧ ಕೊನೇ ಎಸೆತಕ್ಕೆ ಹೊಡೆದ ಸಿಕ್ಸರ್ ಬಿಟ್ರೆ ಉಳಿದದ್ದೆಲ್ಲ ತವರಿನ ಅಂಪೈರ್‌ಗಳ ಕೃಪೆ ಅನ್ನೋ ಫಾರ್ವರ್ಡ್ ಆಗಾಗ ಬರ್ತಾನೇ ಇರುತ್ತೆ. ಇದು ತಪ್ಪು.

ತವರಲ್ಲಿ ಮಿಯಾಂದಾದ್ ಸರಾಸರಿ ಜಾಸ್ತಿ ಇತ್ತು, ಅದು ನಿಜಾನೇ. ಆದ್ರೆ 1987ರಲ್ಲಿ ಓವಲ್‌ನಲ್ಲಿ 260, 1989ರಲ್ಲಿ ಆಕ್ಲೆಂಡ್‌ನಲ್ಲಿ 271 ಹೊಡೆದಿದ್ದೂ ಇವರೇ. 1988ರ ಪೋರ್ಟ್ ಆಫ್ ಸ್ಪೇನ್ ಅಂತೂ ನೋಡಲೇಬೇಕು, ಕೊನೇ ಇನಿಂಗ್ಸಲ್ಲಿ 372 ಬೇಕು, ಎದುರಿಗೆ ವೆಸ್ಟ್ ಇಂಡೀಸ್‌ನ ವೇಗದ ಬೌಲರ್‌ಗಳಾದ ಮಾರ್ಷಲ್, ಆಂಬ್ರೋಸ್, ವಾಲ್ಷ್, ಮಿಯಾಂದಾದ್ 102 ಹೊಡೆದ್ರು, ಟೀಮು 9 ವಿಕೆಟಿಗೆ 341ಕ್ಕೆ ನಿಂತು ಡ್ರಾ ಆಯ್ತು.

ಯೂನಿಸ್ ದೊಡ್ಡವರು ಅನ್ನೋದಕ್ಕೆ ಮಿಯಾಂದಾದ್‌ರನ್ನ ಇಳಿಸೋದೇ ಬೇಡ. ಯೂನಿಸ್‌ದು ಟೆಸ್ಟಲ್ಲಿ 10,099 ರನ್, 34 ಶತಕ, 11 ದೇಶಗಳಲ್ಲಿ ಟೆಸ್ಟ್ ಶತಕ. 2005ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ 267 ಬಾರಿಸಿದ್ರಲ್ಲ! ಮಿಯಾಂದಾದ್ 124 ಟೆಸ್ಟಲ್ಲಿ 8,832 ರನ್, ಸರಾಸರಿ 52.57, ಯೂನಿಸ್‌ದು 52.05, ಅಷ್ಟೇ ಅಂತರ.

ನೀವೇ ಚೆಕ್ ಮಾಡ್ಬೋದು, ಯಾವುದಾದ್ರೂ ಅಂಕಿಅಂಶದ ಸೈಟಲ್ಲಿ ಆಟಗಾರನ ಹೆಸರು ಹಾಕಿ ತವರು, ವಿದೇಶ ಅಂತ ಬೇರೆ ಮಾಡಿ ನೋಡಿ, ಆಮೇಲೆ ಆ ಪಂದ್ಯದ ಸ್ಕೋರ್‌ಕಾರ್ಡ್ ತೆಗೆದು ಬೌಲರ್ ಯಾರಿದ್ರು ಅಂತಾನೂ ನೋಡಿ.