ಹೊಸ ಮನೆಗೆ ಸೋಲಾರ್: ಪ್ಯಾನೆಲ್ ಆಮೇಲೆ ಬರಲಿ, ಪೈಪ್ ಈಗಲೇ ಹೋಗಲಿ

ಮನೆ ಕಟ್ಟಿಸುವವರಿಗೆ ಸೋಲಾರ್ ನೆನಪಾಗುವುದು ಸಾಮಾನ್ಯವಾಗಿ ಗೃಹಪ್ರವೇಶ ಮುಗಿದು ಎರಡನೇ ಕರೆಂಟ್ ಬಿಲ್ ಬಂದಾಗ. ಅಷ್ಟರಲ್ಲಿ ತಾರಸಿಗೆ ವಾಟರ್‌ಪ್ರೂಫಿಂಗ್ ಆಗಿರುತ್ತದೆ, ಗೋಡೆಗೆ ಬಣ್ಣ ಬಿದ್ದಿರುತ್ತದೆ, ನೀರಿನ ಟ್ಯಾಂಕು ಪ್ಯಾನೆಲ್‌ಗೆ ಅಡ್ಡವಾಗುವ ಮೂಲೆಯಲ್ಲೇ ಕೂತಿರುತ್ತದೆ. ಆಮೇಲೆ ಹಾಕಿಸಿದರೆ ಗೋಡೆಯ ಹೊರಗೆ ಪೈಪು ನೇತಾಡುತ್ತದೆ, ತಾರಸಿಗೆ ತೂತು ಬೀಳುತ್ತದೆ, ಮೊದಲ ಮಳೆಗೇ ಸೋರುತ್ತದೆ.

ಪ್ಯಾನೆಲ್ ಹಾಕಿಸಬೇಕೋ ಬೇಡವೋ ಅನ್ನುವುದನ್ನು ಒಂದು ಬೇಸಿಗೆ ಕಳೆದ ಮೇಲೆ ತೀರ್ಮಾನಿಸಿದರೂ ನಷ್ಟವಿಲ್ಲ. ಆದರೆ ಮನೆಯನ್ನು ಸೋಲಾರ್‌ಗೆ ಸಿದ್ಧವಾಗಿ ಕಟ್ಟಬೇಕೋ ಎಂಬ ತೀರ್ಮಾನ ಕೊನೆಯ ಮೋಲ್ಡ್‌ಗೆ ಕಂಬಿ ಕಟ್ಟುವ ಮೊದಲೇ ಆಗಬೇಕು. ಈ ಎರಡನ್ನೂ ಒಂದೇ ಪ್ರಶ್ನೆ ಅಂದುಕೊಳ್ಳುವುದರಿಂದಲೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ದುಡ್ಡಿನ ಲೆಕ್ಕ. ಬೆಂಗಳೂರು, ಮೈಸೂರು ಸೀಮೆಯಲ್ಲಿ ನೆರಳಿಲ್ಲದ ತಾರಸಿಯ ಮೇಲೆ ಒಂದು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವಾಟ್ ಅಂದರೆ ತಿಂಗಳಿಗೆ 350 ಯೂನಿಟ್ ಆಸುಪಾಸು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಮಲೆನಾಡು, ಕರಾವಳಿಯಲ್ಲಿ ಜೂನ್-ಜುಲೈ ತಿಂಗಳು ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ.

2025-26ರಲ್ಲಿ ಕರ್ನಾಟಕದಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ ₹5.80 ಇತ್ತು. ಅದರ ಮೇಲೆ ಪಿಂಚಣಿ ಸರ್ಚಾರ್ಜ್ 36 ಪೈಸೆ, ಜೊತೆಗೆ ಶೇ 9 ತೆರಿಗೆ. ಎಲ್ಲಾ ಸೇರಿ ₹6.70 ಹತ್ತಿರ. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ಸುಮಾರು ₹2,000 ಉಳಿಯುತ್ತದೆ. ಆದರೆ ಬಿಲ್ ಸೊನ್ನೆ ಆಗುವುದಿಲ್ಲ. ಮಂಜೂರಾದ ಲೋಡ್‌ನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ ಇಷ್ಟು ಅಂತ ನಿಗದಿತ ಶುಲ್ಕವಿದೆ (2025-26ರಲ್ಲಿ ₹145), ಪ್ಯಾನೆಲ್ ಎಷ್ಟೇ ಹಾಕಿಸಿದರೂ ಅದು ತಪ್ಪುವುದಿಲ್ಲ. ಆ ಲೆಕ್ಕದಲ್ಲಿ 3 ಕಿಲೋವಾಟ್ ಲೋಡ್‌ಗೆ ₹435 ಕಟ್ಟಲೇಬೇಕು. "ಬಿಲ್ಲೇ ಬರಲ್ಲ ಸಾರ್" ಅನ್ನುವ ಮಾರಾಟಗಾರರ ಮಾತನ್ನು ಇಲ್ಲಿಗೇ ತಡೆದು ಲೆಕ್ಕ ಕೇಳಿ.

ಖರ್ಚಿನ ಕಡೆ ನೋಡಿದರೆ, 3 ಕಿಲೋವಾಟ್‌ನ ಸಾಮಾನ್ಯ ಆನ್-ಗ್ರಿಡ್ (ಬ್ಯಾಟರಿಯಿಲ್ಲದೆ ಬೀದಿಯ ಲೈನಿಗೆ ಜೋಡಿಸಿದ) ವ್ಯವಸ್ಥೆಗೆ ಮಾರುಕಟ್ಟೆಯಲ್ಲಿ ₹1.8 ಲಕ್ಷದಿಂದ ₹2.1 ಲಕ್ಷ ಹೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ₹78,000 ಸಬ್ಸಿಡಿ. 5 ಕಿಲೋವಾಟ್ ಹಾಕಿಸಿದರೂ ₹78,000ವೇ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. 300 ಯೂನಿಟ್ ಮನೆಗೆ ಹಾಕಿದ ದುಡ್ಡು ಐದು ವರ್ಷದ ಆಚೀಚೆ ವಾಪಸ್ ಬರುತ್ತದೆ. ಪ್ಯಾನೆಲ್ 25 ವರ್ಷ ದುಡಿಯುತ್ತದೆ. ಇಂಥ ಮನೆಯವರು ಹಾಕಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಡಿಮೆ ಬಳಸುವ ಮನೆಯ ಲೆಕ್ಕ ಬೇರೆ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವುದು 58 ಯೂನಿಟ್. ತಿಂಗಳಿಗೆ 120 ಯೂನಿಟ್ ಬಳಸುವವರು ದುಡ್ಡು ಕೊಡುವುದು ಉಳಿದ 62ಕ್ಕೆ ಮಾತ್ರ, ₹400ರ ಆಸುಪಾಸು. ಅಷ್ಟನ್ನು ಉಳಿಸಲು ಪ್ಯಾನೆಲ್ ಬೇಡ. ಬಳಕೆ 200 ದಾಟಿದರೆ ಮಾತ್ರ ಉಚಿತ ಪೂರ್ತಿ ಹೋಗಿ ಇಡೀ ಬಿಲ್ ಕಟ್ಟಬೇಕಾಗುತ್ತದೆ. ಸೋಲಾರ್ ಲೆಕ್ಕ ಶುರುವಾಗುವುದು ಆ ಗೆರೆಯ ಆಚೆ.

ಹೊಸ ಮನೆಯ ಬಳಕೆ ಮೊದಲ ತಿಂಗಳುಗಳಲ್ಲಿ ಗೊತ್ತಾಗುವುದಿಲ್ಲ, ಬಾಡಿಗೆ ಮನೆಯ ಬಿಲ್ ಇಟ್ಟುಕೊಂಡು ಅಳೆಯುವುದೂ ತಪ್ಪು. ಫ್ರಿಜ್ ದಿನಕ್ಕೆ ಒಂದು ಯೂನಿಟ್, ಒಂದೂವರೆ ಟನ್ ಎಸಿ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್, ಇಂಡಕ್ಷನ್ ಒಲೆಯಲ್ಲಿ ಪೂರ್ತಿ ಅಡುಗೆಯಾದರೆ ದಿನಕ್ಕೆ ಎರಡು ಮೂರು, ಎಲೆಕ್ಟ್ರಿಕ್ ಸ್ಕೂಟರಿನ ಒಂದು ಪೂರ್ತಿ ಚಾರ್ಜ್‌ಗೆ ಮೂರು. ಹೀಗೆ ಕೂಡಿಸಿ ನೋಡಿ. ಎರಡು ಎಸಿ, ಒಂದು ಎಲೆಕ್ಟ್ರಿಕ್ ಕಾರು ಖಂಡಿತ ಬರುವುದಿದ್ದರೆ ಕಾಯಬೇಡಿ. ಅನುಮಾನವಿದ್ದರೆ ಮಾರ್ಚ್‌ನಿಂದ ಮೇವರೆಗಿನ ಬಿಲ್ ನೋಡಿ ಆಮೇಲೆ ಅಳತೆ ನಿರ್ಧರಿಸಿ. ಸಬ್ಸಿಡಿ ಯೋಜನೆಯ ಅವಧಿ 2026-27ರವರೆಗೆ ಎಂಬುದು ಮಾತ್ರ ನೆನಪಿರಲಿ.

ಹೆಚ್ಚುವರಿ ವಿದ್ಯುತ್ ಮಾರಿ ಸಂಪಾದಿಸುವ ಆಸೆ ಇಟ್ಟುಕೊಳ್ಳಬೇಡಿ. 2014ರ ಹೊತ್ತಿಗೆ ಬೆಂಗಳೂರಿನಲ್ಲಿ ತಾರಸಿ ಸೋಲಾರ್‌ಗೆ ಯೂನಿಟ್‌ಗೆ ₹9.56 ಕೊಡುವ ಒಪ್ಪಂದಗಳಾದವು. ಅವು 25 ವರ್ಷದ ಒಪ್ಪಂದಗಳಾದ್ದರಿಂದ ಆಗ ಹಾಕಿಸಿದವರಿಗೆ ಇಂದಿಗೂ ಆ ದರ. ಅವರನ್ನು ನೋಡಿ ಇಂದು 8 ಕಿಲೋವಾಟ್ ಹಾಕಿಸುವವರಿದ್ದಾರೆ. ಈಗ ಹೆಚ್ಚುವರಿ ಯೂನಿಟ್‌ಗೆ ಸಿಗುವುದು ನಾವು ಕೊಡುವ ದರಕ್ಕಿಂತ ಎಷ್ಟೋ ಕಡಿಮೆ. ನಿಮ್ಮ ಬಳಕೆಗೆ ತಕ್ಕಷ್ಟು ಹಾಕಿಸಿ, ಒಪ್ಪಂದಕ್ಕೆ ಸಹಿ ಹಾಕುವಾಗ ಅದು ನೆಟ್ ಮೀಟರಿಂಗ್ (ನಾವು ಬಳಸಿ ಉಳಿದದ್ದು ಮಾತ್ರ ಲೈನಿಗೆ) ಹೌದೇ, ಗ್ರಾಸ್ ಮೀಟರಿಂಗ್ (ತಯಾರಾದದ್ದೆಲ್ಲ ಮಾರಾಟಕ್ಕೆ) ಅಲ್ಲವೇ ಅಂತ ಖಚಿತಪಡಿಸಿಕೊಳ್ಳಿ.

ಇನ್ನು ತಾರಸಿ. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ.

ನಮ್ಮಲ್ಲಿ ವಾಸ್ತು ನೋಡಿ ಓವರ್‌ಹೆಡ್ ಟ್ಯಾಂಕನ್ನು ನೈಋತ್ಯಕ್ಕೆ ಇಡುತ್ತಾರೆ. ಮೆಟ್ಟಿಲಿನ ಹೆಡ್‌ರೂಮ್ ಕೂಡ ಎಷ್ಟೋ ಮನೆಗಳಲ್ಲಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಇರುತ್ತದೆ, ಅದರ ತಲೆಯ ಮೇಲೆ ಟ್ಯಾಂಕು. ತಾರಸಿಯಿಂದ ಲೆಕ್ಕ ಹಾಕಿದರೆ ಹನ್ನೆರಡು ಅಡಿ ಎತ್ತರ. ಡಿಸೆಂಬರ್‌ನಲ್ಲಿ ಬೆಂಗಳೂರಿನ ನಡು ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಆ ಹನ್ನೆರಡು ಅಡಿಯ ನೆರಳು ಉತ್ತರಕ್ಕೆ ಒಂಬತ್ತು ಅಡಿ. ಮೂರು ಗಂಟೆ ದಾಟುವಾಗ ಈಶಾನ್ಯದ ಕಡೆಗೆ 17-18 ಅಡಿ. ಮೂವತ್ತು ನಲವತ್ತರ ಸೈಟಿನ ತಾರಸಿಯಲ್ಲಿ ಇನ್ನೇನು ಉಳಿಯಿತು? ವಾಸ್ತು ಬಿಡಿ ಅನ್ನುತ್ತಿಲ್ಲ, ನಂಬಿಕೆ ಅವರವರದು. ಟ್ಯಾಂಕು ನೈಋತ್ಯದಲ್ಲೇ ಇರಲಿ, ಪ್ಯಾನೆಲ್‌ಗಳನ್ನು ಹೆಡ್‌ರೂಮ್‌ನ ಪೂರ್ವಕ್ಕೆ, ತಾರಸಿಯ ದಕ್ಷಿಣದ ಅಂಚಿಗೆ ತನ್ನಿ. ಅಲ್ಲೂ ಸಂಜೆ ಒಂದಿಷ್ಟು ನೆರಳು ಬೀಳುತ್ತದೆ, ಆದರೆ ಮುಖ್ಯ ಹೊತ್ತು ಉಳಿಯುತ್ತದೆ. ಇನ್ನೊಂದು ದಾರಿ, ಹೆಡ್‌ರೂಮ್ ಮತ್ತು ಟ್ಯಾಂಕಿನ ಮೇಲೆಯೇ ಪ್ಯಾನೆಲ್ ಚೌಕಟ್ಟು ಎತ್ತರಿಸುವುದು.

ಸೋಲಾರ್ ವಾಟರ್ ಹೀಟರ್ ಬೇರೆ ಇರುತ್ತದೆ. ಪ್ಲಂಬರ್ ಅದನ್ನು ತನ್ನ ಪೈಪಿಗೆ ಅನುಕೂಲವಾದ ಕಡೆ, ಎಷ್ಟೋ ಸಲ ತಾರಸಿಯ ಒಳ್ಳೆಯ ಜಾಗದ ನಟ್ಟನಡುವೆ ಕೂರಿಸುತ್ತಾನೆ. ಅದು ಪ್ಯಾನೆಲ್‌ಗಳ ಉತ್ತರಕ್ಕಿರಲಿ, ಪ್ಯಾನೆಲ್‌ನ ನೆರಳು ಅದರ ಮೇಲೆ ಬೀಳದಷ್ಟು ದೂರದಲ್ಲಿ.

ಪಕ್ಕದ ಸೈಟು ನೋಡುವುದನ್ನು ಮರೆಯಬೇಡಿ. ಹೊಸ ಬಡಾವಣೆಯಲ್ಲಿ ನಿಮ್ಮ ದಕ್ಷಿಣಕ್ಕೆ ಖಾಲಿ ಸೈಟಿದ್ದರೆ, ನಾಳೆ ಅಲ್ಲಿ ನಿಮಗಿಂತ ಎರಡು ಅಂತಸ್ತು ಎತ್ತರದ ಮನೆ ಏಳುತ್ತದೆ ಅಂದುಕೊಂಡೇ ಜಾಗ ಗುರುತಿಸಿ. ಉತ್ತರದ ಕಟ್ಟಡದಿಂದ ತೊಂದರೆ ಬಹಳ ಕಡಿಮೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿದ್ದರೂ ಆಗ ನೆರಳು ಗಿಡ್ಡ. ದಕ್ಷಿಣಕ್ಕೆ ಮುಖ ಮಾಡಲು ಆಗದಿದ್ದರೂ ಚಿಂತೆಯಿಲ್ಲ. ನಮ್ಮ ಅಕ್ಷಾಂಶದಲ್ಲಿ 10 ಡಿಗ್ರಿ ಓರೆಯಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಇಟ್ಟರೆ ಕಳೆದುಕೊಳ್ಳುವುದು ನೂರಕ್ಕೆ ಐದರ ಆಸುಪಾಸು ಮಾತ್ರ. 10 ಡಿಗ್ರಿಗಿಂತ ಕಡಿಮೆ ಓರೆ ಮಾತ್ರ ಬೇಡ. ಮಳೆನೀರು ಹರಿದುಹೋಗದೆ ಕೆಳಅಂಚಿನಲ್ಲಿ ಮಣ್ಣು ಕಟ್ಟುತ್ತದೆ.

ಈಗಿನ 540 ವಾಟ್‌ನ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ತೂಕ 28 ಕೆಜಿ ಹತ್ತಿರ. 3 ಕಿಲೋವಾಟ್‌ಗೆ ಆರು ಬೇಕು. ಮೂರು ಮೂರರ ಎರಡು ಸಾಲು ಒಂದೇ ಚೌಕಟ್ಟಿನಲ್ಲಿ ಕೂತರೆ ಹನ್ನೊಂದೂವರೆ ಅಡಿ ಅಗಲ, ಹದಿನೈದು ಅಡಿ ಉದ್ದ. ತಾರಸಿ ಇಷ್ಟು ಭಾರ ತಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ತಡೆಯುತ್ತದೆ. ಓಡಾಡುವ ತಾರಸಿಯನ್ನು ಚದರ ಮೀಟರ್‌ಗೆ 150 ಕೆಜಿ ಹೊರುವಂತೆ ಲೆಕ್ಕ ಹಾಕಿರುತ್ತಾರೆ, ಪ್ಯಾನೆಲ್ ಮತ್ತು ಚೌಕಟ್ಟು ಸೇರಿದರೂ ಅದರ ಹತ್ತಿರ ಬರುವುದಿಲ್ಲ. ಕೇಳಬೇಕಾದದ್ದು ಗಾಳಿಯ ಬಗ್ಗೆ. ಬೆಂಗಳೂರಿಗೆ ಭಾರತೀಯ ಮಾನಕದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದಲ್ಲಿ ಚದರ ಮೀಟರ್‌ಗೆ 65 ಕೆಜಿಯಷ್ಟು ಒತ್ತಡ. ಆರು ಪ್ಯಾನೆಲ್‌ನ ಎತ್ತರದ ಚೌಕಟ್ಟನ್ನು ಗಾಳಿ ಹೆಚ್ಚುಕಡಿಮೆ ಒಂದು ಟನ್ ಬಲದಲ್ಲಿ ಮೇಲಕ್ಕೆ ಎಳೆಯುತ್ತದೆ. ಮಂಗಳೂರಿನಲ್ಲಿ ವೇಗ 39 ಮೀಟರ್, ಅಲ್ಲಿ ಎಳೆತ ಶೇ 40 ಹೆಚ್ಚು. ಕೆಳಗೆ ಬಟ್ಟೆ ಒಣಗಿಸಲಿ, ಕೂರಲಿ ಅಂತ ಎಂಟು ಅಡಿ ಎತ್ತರದ ಚೌಕಟ್ಟು ಮಾಡಿಸುವವರು ಇದನ್ನು ಓದಿ ಎರಡು ಸಲ ಯೋಚಿಸಬೇಕು.

ಹಾಗಾಗಿ ಕೊನೆಯ ಮೋಲ್ಡ್ ಹಾಕುವಾಗಲೇ ಆರು ಪೆಡೆಸ್ಟಲ್ (ಚೌಕಟ್ಟಿನ ಕಾಲು ಕೂರಿಸುವ ಗಿಡ್ಡ ಕಾಂಕ್ರೀಟ್ ಕಂಬ) ಎಬ್ಬಿಸಿಬಿಡಿ. ಬೀಮ್ ಅಥವಾ ಕಾಲಂ ಮೇಲೆ ಬರುವಂತೆ, ಒಂದಡಿ ಚದರ, ಒಂದಡಿ ಎತ್ತರ, ಕಂಬಿ ಕೆಳಗಿನ ಬೀಮ್‌ನಿಂದಲೇ ಎದ್ದಿರಬೇಕು. ಮೋಲ್ಡ್ ಆದ ಮೇಲೆ ಮೇಸ್ತ್ರಿ ಇಟ್ಟಿಗೆ ಜೋಡಿಸಿ ಗಾರೆ ಮೆತ್ತಿದ್ದು ಪೆಡೆಸ್ಟಲ್ ಅಲ್ಲ, ಅದು ಗಾಳಿಗೆ ಕಿತ್ತು ಬರುತ್ತದೆ. ಬೋಲ್ಟ್‌ಗಳನ್ನು ಈಗಲೇ ಹೂಳಬೇಡಿ, ಯಾವ ಕಂಪನಿಯ ಪ್ಲೇಟಿಗೆ ಎಲ್ಲಿ ತೂತಿರುತ್ತದೋ ಗೊತ್ತಿಲ್ಲ. ಆಮೇಲೆ ಪೆಡೆಸ್ಟಲ್‌ಗೇ ಕೊರೆದು ಕೆಮಿಕಲ್ ಆಂಕರ್ (ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಬಹುದು, ತಾರಸಿಗೆ ತೂತು ಬೀಳುವುದಿಲ್ಲ. ವಾಟರ್‌ಪ್ರೂಫಿಂಗ್ ಪದರವನ್ನು ಪೆಡೆಸ್ಟಲ್‌ನ ಬುಡದಿಂದ ಆರಿಂಚು ಮೇಲಕ್ಕೆ ಏರಿಸಲು ಹೇಳಿ. ಚೌಕಟ್ಟು ಹಾಟ್-ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆಗಿರಲಿ, ನಟ್ಟು ಬೋಲ್ಟು ಸ್ಟೇನ್‌ಲೆಸ್. ಬೆಸುಗೆ ಹಾಕಿ ಬೆಳ್ಳಿ ಬಣ್ಣ ಬಳಿದ ಚೌಕಟ್ಟು ಎರಡು ಮಳೆಗಾಲಕ್ಕೆ ತುಕ್ಕು ತೋರಿಸುತ್ತದೆ.

ಗೋಡೆಗೆ ಗಾರೆ ಮಾಡುವ ಮೊದಲು ಪೈಪ್. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನ ಜಾಗಕ್ಕೆ ತಾರಸಿಯಿಂದ ಡಿಸಿ ತಂತಿಗಾಗಿ 32 ಎಂಎಂನ ಒಂದು, ಇನ್ವರ್ಟರ್‌ನಿಂದ ಮೀಟರ್ ಬೋರ್ಡಿಗೆ ಇನ್ನೊಂದು. ಎರಡನ್ನೂ ಒಂದೇ ಪೈಪಿನಲ್ಲಿ ತೂರಿಸಬಾರದು. ತೊಂಬತ್ತು ಡಿಗ್ರಿಯ ಚೂಪು ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿ, ಒಳಗೆ ಎಳೆಯುವ ತಂತಿ ಬಿಟ್ಟಿರಿ. ಇದೆಲ್ಲಕ್ಕೂ ಆಗುವ ಖರ್ಚು ಒಂದು ಬಾಗಿಲಿನ ಬೀಗದಷ್ಟೂ ಇಲ್ಲ. ಅರ್ಥಿಂಗ್ ಗುಂಡಿ ಮೂರು ಬೇಕು: ಡಿಸಿ ಕಡೆಗೊಂದು, ಎಸಿ ಕಡೆಗೊಂದು, ಸಿಡಿಲು ತಡೆಗೆ ಪ್ರತ್ಯೇಕವಾಗಿ ಒಂದು. ಅಂಗಳಕ್ಕೆ ಟೈಲ್ಸ್ ಕೂರಿಸಿದ ಮೇಲೆ ಈ ಗುಂಡಿ ತೋಡಿಸುವ ಸಂಕಟ ಬೇಡ.

ಇನ್ವರ್ಟರ್ ಹೆಡ್‌ರೂಮ್‌ನಲ್ಲಿದ್ದು ಮೀಟರ್ ಕೆಳಗಿದ್ದರೆ ನಡುವಿನ ಎಸಿ ತಂತಿ ದಪ್ಪವಿರಬೇಕು. ಬೀದಿಯ ಕಡೆಗೆ ಕರೆಂಟ್ ತಳ್ಳುವಾಗ ಇನ್ವರ್ಟರ್ ಬಳಿಯ ವೋಲ್ಟೇಜ್ ಬೀದಿಗಿಂತ ಹೆಚ್ಚಾಗುತ್ತದೆ. 3 ಕಿಲೋವಾಟ್‌ಗೆ 13 ಆಂಪಿಯರ್, 30 ಮೀಟರ್ ದೂರ, 2.5 ಚದರ ಎಂಎಂ ತಂತಿಯಾದರೆ ಸುಮಾರು 6 ವೋಲ್ಟ್ ಏರಿಕೆ. 6 ಚದರ ಎಂಎಂ ಆದರೆ ಎರಡೂವರೆ. ಮಧ್ಯಾಹ್ನ ಬೀದಿಯಲ್ಲೇ 248 ಇದ್ದರೆ ಆ ಮೂರೂವರೆ ವೋಲ್ಟಿನ ವ್ಯತ್ಯಾಸದಲ್ಲಿ ಮಿತಿ ದಾಟಿ ಇನ್ವರ್ಟರ್ ಟ್ರಿಪ್ ಆಗುತ್ತದೆ (ತಾನಾಗಿ ನಿಲ್ಲುತ್ತದೆ), ಅದೂ ಬಿಸಿಲು ಜೋರಾಗಿರುವ ಹೊತ್ತಿನಲ್ಲೇ. "ಪ್ಯಾನೆಲ್ ಸರಿಯಿಲ್ಲ" ಎಂಬ ಎಷ್ಟೋ ದೂರುಗಳ ಮೂಲ ಈ ಸಣ್ಣ ತಂತಿ.

ಕರೆಂಟ್ ಹೋದಾಗ ಆನ್-ಗ್ರಿಡ್ ಸೋಲಾರ್ ಕೂಡ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದು ಅಂತಲೇ ಹಾಗೆ ಮಾಡಿರುವುದು. ಇದನ್ನು ತಿಳಿಯದೆ ಹಾಕಿಸಿ ಬೇಸರಪಡುವವರು ಬಹಳ. ದಿನಕ್ಕೆ ಒಂದೆರಡು ಗಂಟೆ ಹೋಗುವ ಊರಾದರೆ ಲೈಟು, ಫ್ಯಾನಿಗೆ ಸಾಮಾನ್ಯ ಯುಪಿಎಸ್ ಸಾಕು. ಹೈಬ್ರಿಡ್ ಇನ್ವರ್ಟರ್ (ಲೈನು, ಬ್ಯಾಟರಿ ಎರಡಕ್ಕೂ ಹೊಂದುವಂಥದ್ದು), ಲಿಥಿಯಂ ಬ್ಯಾಟರಿ ಸೇರಿಸಿದರೆ ಐದು ವರ್ಷದ ಲೆಕ್ಕ ಹಳಿ ತಪ್ಪುತ್ತದೆ. ಕರೆಂಟ್ ಗಂಟೆಗಟ್ಟಲೆ ಬರದ ಹಳ್ಳಿ, ತೋಟದ ಮನೆಗೆ ಮಾತ್ರ ಅದು ಸರಿ.

ಕಾಗದಪತ್ರದಲ್ಲಿ ಹೊಸ ಮನೆಯವರು ಎಡವುವುದು ಎರಡು ಕಡೆ. ಕಟ್ಟಡಕ್ಕೆ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದ ಮೇಲೆ ನೆಟ್ ಮೀಟರ್ ಸಿಗುವುದಿಲ್ಲ, ಕಾಯಂ ಸಂಪರ್ಕದ ಆರ್‌ಆರ್ ನಂಬರ್ ಬೇಕು. ಆ ನಂಬರ್ ಬಿಲ್ಡರ್ ಹೆಸರಲ್ಲೋ, ತೀರಿಕೊಂಡ ತಂದೆಯ ಹೆಸರಲ್ಲೋ ಇದ್ದರೆ ಮೊದಲು ಹೆಸರು ಬದಲಿಸಿ. ಬಿಲ್, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇಲ್ಲದಿದ್ದರೆ ಸಬ್ಸಿಡಿ ಸಿಕ್ಕಿಹಾಕಿಕೊಳ್ಳುತ್ತದೆ. 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಬೇಕಿಲ್ಲವೆಂದು 2024ರ ನಿಯಮ ಹೇಳುತ್ತದೆ. ಸಬ್ಸಿಡಿ ಬೇಕಾದರೆ ಪ್ಯಾನೆಲ್‌ನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ದರಪಟ್ಟಿಯಲ್ಲಿ ಡಿಸಿಆರ್ (ಹೀಗೆ ದೇಶದಲ್ಲೇ ತಯಾರಾದದ್ದು ಎಂಬ ಗುರುತು) ಎಂಬ ಪದ, ಪ್ಯಾನೆಲ್ ಮಾದರಿ, ಇನ್ವರ್ಟರ್ ವಾರಂಟಿ ಎಷ್ಟು ವರ್ಷ, ತಂತಿ ಎಷ್ಟು ದಪ್ಪ, ಚೌಕಟ್ಟಿನ ಎತ್ತರ ಎಷ್ಟು ಅಂತ ಬರೆಸಿಕೊಳ್ಳಿ. ಬರೀ "3 ಕಿಲೋವಾಟ್, ಇಷ್ಟು ಲಕ್ಷ" ಎಂದಿರುವ ಹಾಳೆಗೆ ಮುಂಗಡ ಕೊಡಬೇಡಿ.

ಕೊನೆಗೆ ಎಲ್ಲರೂ ಮರೆಯುವ ಒಂದು ವಸ್ತು: ತಾರಸಿಯಲ್ಲೊಂದು ನಲ್ಲಿ. ಅಕ್ಕಪಕ್ಕ ಮನೆ ಕಟ್ಟುತ್ತಿರುವ ಬಡಾವಣೆಯಲ್ಲಿ ಸಿಮೆಂಟ್ ಧೂಳು ರಾತ್ರಿಯ ಇಬ್ಬನಿಗೆ ನೆನೆದು ಗಾಜಿನ ಮೇಲೆ ಗಟ್ಟಿಯಾಗುತ್ತದೆ. ಅಂಥಲ್ಲಿ ವಾರಕ್ಕೊಮ್ಮೆ, ಬೇರೆ ಕಡೆ ಎರಡು ಮೂರು ವಾರಕ್ಕೊಮ್ಮೆ ತೊಳೆಯಬೇಕು. ಬೆಳಿಗ್ಗೆ ಗಾಜು ಕಾಯುವ ಮೊದಲೇ ತೊಳೆಯಿರಿ. ಬೋರ್‌ವೆಲ್‌ನ ಗಡಸು ನೀರು ಬಿಳಿ ಕಲೆ ಬಿಡುವುದರಿಂದ ಆ ನಲ್ಲಿಗೆ ಕಾವೇರಿ ನೀರಿನ ಅಥವಾ ಮಳೆನೀರಿನ ಟ್ಯಾಂಕಿನಿಂದ ಪೈಪ್ ಎಳೆಸಿ. ಇದನ್ನೂ ಪ್ಲಂಬರ್ ಇನ್ನೂ ಮನೆಯಲ್ಲಿರುವಾಗಲೇ ಹೇಳಿಬಿಡಿ.