ಇಥಿಯೋಪಿಯಾದ ಎಕ್ಸಿಟ್ ಎಗ್ಸಾಮ್: ಪಾಸ್ ಆಗದೆ ಡಿಗ್ರಿ ಇಲ್ಲ ಅನ್ನೋದು ಸರಿನಾ?

(ಎಕ್ಸಿಟ್ ಎಗ್ಸಾಮ್ ಅಂದ್ರೆ ಡಿಗ್ರಿ ಓದಿ ಮುಗಿಸೋರು ಕೊನೇಲಿ ಬರೆಯೋ, ಇಡೀ ದೇಶದ ಮಟ್ಟದ ಪರೀಕ್ಷೆ.)

ಪರ

1993ರಲ್ಲಿ ಎರಿಟ್ರಿಯಾ ಬೇರೆ ದೇಶ ಆದಾಗ ಇಥಿಯೋಪಿಯಾಕ್ಕೆ ಉಳಿದಿದ್ದೇ ಎರಡು ಯೂನಿವರ್ಸಿಟಿ, ಆಡಿಸ್ ಅಬಾಬದ್ದೊಂದು, ಅಲೆಮಾಯದ್ದೊಂದು. ಈಗ ಸರ್ಕಾರಿ ಯೂನಿವರ್ಸಿಟಿಗಳೇ 40 ದಾಟಿವೆ, ಪ್ರೈವೇಟ್ ಕಾಲೇಜುಗಳು ಬೇರೆ. ಬಡ ದೇಶ ಇಷ್ಟು ಮಾಡಿದ್ದು ದೊಡ್ಡ ಸಾಧನೆನೇ, ಆದ್ರೆ ಬಿಲ್ಡಿಂಗ್ ಎದ್ದಷ್ಟು ಬೇಗ ಮೇಷ್ಟ್ರು ತಯಾರಾಗಲ್ವಲ್ಲ, ಇಂಡಿಯಾದಿಂದಾನೂ ಎಷ್ಟೋ ಲೆಕ್ಚರರ್‌ಗಳು ಹೋಗಿ ಪಾಠ ಮಾಡಿದ್ರು, ಆದ್ರೂ ಸಾಲದೆ ಆಗ ತಾನೇ ಡಿಗ್ರಿ ಮುಗಿಸಿದವರನ್ನೇ ಡಿಗ್ರಿ ಕ್ಲಾಸಿಗೆ ನಿಲ್ಲಿಸಬೇಕಾಯ್ತು.

ಕಾಲೇಜುಗಳ ಗುಣಮಟ್ಟ ಕಂಟ್ರೋಲ್ ಮಾಡೋಕೆ ಅಂತ 2003ರಲ್ಲೇ ಒಂದು ಏಜೆನ್ಸಿ ಮಾಡಿದ್ರು. 2010ರಲ್ಲಿ ಡಿಸ್ಟೆನ್ಸ್ ಕೋರ್ಸ್‌ಗಳಿಗೆ ಬ್ಯಾನ್ ಹಾಕಿದ್ರು, ಆಮೇಲೆ ಅದನ್ನ ಹಿಂದಕ್ಕೂ ತಗೊಂಡ್ರು. ಪರ್ಮಿಶನ್ನು, ಫೈಲು, ರೂಮ್ ಎಷ್ಟಿದೆ ಲೈಬ್ರರಿ ಇದೆಯಾ ಅಂತ ನೋಡೋದೆಲ್ಲ ನಡೀತು, ಆದ್ರೆ ಓದಿದ ಹುಡುಗನಿಗೆ ಏನು ಬರುತ್ತೆ ಅಂತ ಹೊರಗಿನವರು ಯಾರೂ ಕೇಳಿರಲಿಲ್ಲ (ಲಾ ತರದ ಕೋರ್ಸ್ ಬಿಟ್ರೆ).

2023ರಲ್ಲಿ ಮೊದಲ ಸಲ ಎಲ್ಲ ಡಿಪಾರ್ಟ್‌ಮೆಂಟ್‌ಗೂ ಎಕ್ಸಿಟ್ ಎಗ್ಸಾಮ್ ಇಟ್ರು, ಪಾಸ್ ಆಗೋಕೆ 50% ಬೇಕು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸುಮಾರು 62% ಪಾಸ್, ಪ್ರೈವೇಟ್‌ನಲ್ಲಿ ಸುಮಾರು 17%. ಈ ನಂಬರ್ ನೋಡಿದ ಮೇಲೆ ಸುಮ್ನೆ ಕೂರೋದು ಹೇಗೆ? ಮನೆಯವರು ಸಾಲ ಮಾಡಿ ಫೀಸ್ ಕಟ್ತಾರೆ, ಅವರಿಗೆ ಕಾಲೇಜ್ ಎಂಥದ್ದು ಅಂತ ಮೊದಲೇ ಗೊತ್ತಾಗಬೇಕು. ಆಸ್ಪತ್ರೆಗೋ ಸೇತುವೆ ಕೆಲಸಕ್ಕೋ ಇದೇ ಪದವೀಧರರು ಹೋಗ್ತಾರೆ ಅನ್ನೋದನ್ನೂ ಮರೀಬಾರ್ದು. ಫೇಲ್ ಆದವರು ಮತ್ತೆ ಬರೀಬಹುದು, ಬಾಗಿಲು ಮುಚ್ಚಿಲ್ಲ.

ವಿರೋಧ

ಅದೇ 17% ತಗೊಳ್ಳಿ. ಅಲ್ಲಿ ಫೇಲ್ ಆಗಿದ್ದು ಕಾಲೇಜು, ಡಿಗ್ರಿ ಕಳ್ಕೊಂಡಿದ್ದು ಹುಡುಗಿ.

ವರ್ಷಗಟ್ಟಲೆ ಆ ಕಾಲೇಜಿಗೆ ಲೈಸೆನ್ಸ್ ಕೊಟ್ಟಿದ್ದು ಸರ್ಕಾರ, ಸೆಮಿಸ್ಟರ್ ಸೆಮಿಸ್ಟರ್‌ಗೂ ಪಾಸ್ ಮಾಡಿದ್ದು ಕಾಲೇಜು, ಹಗಲು ಕೆಲಸ ಮಾಡಿ ಸಂಜೆ ಕ್ಲಾಸಿಗೆ ಹೋದವಳು ಇವರಿಬ್ಬರನ್ನೂ ನಂಬಿದ್ಲು. ಕೊನೇ ದಿನ ಅವಳಿಗೆ ಮಾತ್ರ ನಿಂಗೇನೂ ಬರಲ್ಲ ಅಂತ ಹೇಳಿದ್ರೆ ಅದನ್ನ ಸುಧಾರಣೆ ಅಂತ ನಾನು ಒಪ್ಪಲ್ಲ.

ತೊಂದರೆ ಶುರುವಾಗೋದು ಯೂನಿವರ್ಸಿಟಿಗಿಂತ ಎಷ್ಟೋ ಮುಂಚೆ. 2022ರ 12ನೇ ಕ್ಲಾಸ್ ಪರೀಕ್ಷೇಲಿ, ಕಾಪಿ ತಡೆಯೋಕೆ ಅಂತ ಮಕ್ಕಳನ್ನ ಯೂನಿವರ್ಸಿಟಿ ಕ್ಯಾಂಪಸ್‌ಗಳಿಗೆ ಕರೆಸಿ ಬರೆಸಿದಾಗ, 50% ತಗೊಂಡವರು ನೂರಕ್ಕೆ ಮೂರು ಚಿಲ್ಲರೆ ಜನ ಅಷ್ಟೇ. ಚಿಕ್ಕ ಕ್ಲಾಸಲ್ಲಿ ಅಫಾನ್ ಒರೊಮೊನೋ ಅಮ್ಹಾರಿಕ್ಕೋ ಟಿಗ್ರಿನ್ಯಾನೋ, ಹೀಗೆ ಅಲ್ಲಿನದೇ ಒಂದು ಭಾಷೇಲಿ ಓದಿ, ಆಮೇಲೆ ಒಂದೇ ಸಲ ಇಂಗ್ಲಿಷ್‌ಗೆ ಬೀಳ್ತಾರೆ, ಎಷ್ಟೋ ಕಡೆ ಪಾಠ ಮಾಡೋರಿಗೇ ಇಂಗ್ಲಿಷ್ ತಡವರಿಸುತ್ತೆ, ಇದು ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸ್‌ಗೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಎಕ್ಸಿಟ್ ಎಗ್ಸಾಮ್ ಕೂಡ ಇಂಗ್ಲಿಷ್‌ನಲ್ಲೇ. ಇನ್ನು ದೇಶದ ಉತ್ತರದ ಟಿಗ್ರೇ ಪ್ರಾಂತ್ಯದ ಕಡೆ 2020ರಿಂದ 2022ರವರೆಗೆ ಯುದ್ಧ, ಅಲ್ಲಿನ ಮೆಕೆಲೆ ಯೂನಿವರ್ಸಿಟಿಲಿ ಕ್ಲಾಸೇ ನಿಂತೋಗಿತ್ತು. ಅಲ್ಲಿನವರನ್ನೂ ಆಡಿಸ್ ಅಬಾಬದವರನ್ನೂ ಒಂದೇ ಅಳತೆಲಿ ಅಳೀತೀವಿ ಅಂದ್ರೆ ಹೇಗೆ.

ಇನ್ನೊಂದು ಭಯ ಇದೆ. ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆಗೆ ಡಿಗ್ರಿ ಕಟ್ಟಿಹಾಕಿದ್ರೆ ಕೊನೇ ವರ್ಷ ಪೂರ್ತಿ ಅದರ ಕೋಚಿಂಗೇ ಆಗೋಗುತ್ತೆ, ಲ್ಯಾಬು ಪ್ರಾಜೆಕ್ಟು ಎಲ್ಲ ಮೂಲೆಗೆ.

ಪರೀಕ್ಷೆ ಬೇಡ ಅಂತಲ್ಲ, ಇಡಿ. ರಿಸಲ್ಟ್‌ನ ಕಾಲೇಜ್ ಪ್ರಕಾರ, ಡಿಪಾರ್ಟ್‌ಮೆಂಟ್ ಪ್ರಕಾರ ಪಬ್ಲಿಷ್ ಮಾಡಿ, ಎರಡು ವರ್ಷ ಸತತವಾಗಿ ನೆಲ ಕಚ್ಚಿದ ಕೋರ್ಸಿಗೆ ಹೊಸ ಅಡ್ಮಿಶನ್ ನಿಲ್ಲಿಸಿ, ಅಲ್ಲಿ ಫೇಲ್ ಆದವರಿಗೆ ಮತ್ತೆ ಪಾಠ ಹೇಳೋ ಖರ್ಚನ್ನ ಆ ಕಾಲೇಜಿನ ಮೇಲೇ ಹಾಕಿ.