ಅಕ್ಕನ ಕಿರೀಟ, ತಂಗಿಯ ಕೈ

ರೋಲೆಕ್ಸ್ ಕಟ್ಟಿ ಬೆಳೆಸಿದ ಹ್ಯಾನ್ಸ್ ವಿಲ್ಸ್‌ಡಾರ್ಫ್, ಅಷ್ಟೇ ನಂಬಿಕಸ್ಥ ಗಡಿಯಾರವನ್ನು ಕೊಂಚ ಅಗ್ಗವಾಗಿ ಮಾರಲೆಂದು 1946ರಲ್ಲಿ ಜಿನೀವಾದಲ್ಲಿ ಟ್ಯೂಡರ್ ಕಂಪನಿಯನ್ನು ಸ್ಥಾಪಿಸಿದರು. ಉಳಿತಾಯದ ಉಪಾಯ ನಮ್ಮ ಮನೆಗಳದ್ದೇ: ಹೊರಕವಚವಾದ ಕೇಸು, ಪಟ್ಟಿಗಳು ಅಕ್ಕ ರೋಲೆಕ್ಸ್‌ನವು, ಒಳಗಿನ ಯಂತ್ರ ಹೊರಗಿನಿಂದ ಕೊಂಡದ್ದು. ಅಕ್ಕನ ಲಂಗದ ಅಂಚು ಮಡಚಿ ತಂಗಿಗೆ ಉಡಿಸುವ ಈ ವ್ಯವಸ್ಥೆ ದಶಕಗಳ ಕಾಲ ನಡೆಯಿತು. ಹಳೆಯ ಟ್ಯೂಡರ್ ಒಂದನ್ನು ಬೋರಲು ಹಾಕಿದರೆ, ಕೇಸು ರೋಲೆಕ್ಸ್‌ನದೆಂದು ಬೆನ್ನ ಮೇಲೆ ಕೊರೆದಿರುವುದು ಕಾಣುತ್ತದೆ. ಕೀಲಿ ಕೊಡುವ ಗುಂಡಿಯ ಮೇಲೂ ಅಕ್ಕನದೇ ಲಾಂಛನವಾದ ಪುಟ್ಟ ಕಿರೀಟ. ಇದನ್ನೇ ಕಟ್ಟಿಕೊಂಡು ಫ್ರೆಂಚ್ ನೌಕಾಪಡೆಯ ಮುಳುಗುಗಾರರು ಸಮುದ್ರಕ್ಕಿಳಿದರೂ, ಊರ ಬಾಯಲ್ಲಿ ಅದು 'ಬಡವರ ರೋಲೆಕ್ಸ್'. ಲಕ್ಷಗಳಲ್ಲಿ ಲೆಕ್ಕ ಚುಕ್ತಾ ಮಾಡುವ ಆ ಬಡವನನ್ನು ಒಮ್ಮೆ ಭೇಟಿಯಾಗಬೇಕೆಂಬ ಆಸೆ ನನಗಿದೆ.

ತಂಗಿಗೂ ರೋಷ ಬಂತು. 2012ರಲ್ಲಿ ಬ್ಲ್ಯಾಕ್ ಬೇ ಎಂಬ ಮಾದರಿ, 2015ರಲ್ಲಿ ಸ್ವಂತ ಯಂತ್ರ, 2017ರಲ್ಲಿ ಧೈರ್ಯಕ್ಕೇ ಹುಟ್ಟಿದವಳೆಂಬ ಘೋಷಣೆಯೊಡನೆ ಜಾಹೀರಾತಿಗೆ ಫುಟ್‌ಬಾಲ್ ತಾರೆ ಡೇವಿಡ್ ಬೆಕಮ್. ಅದೇ ವರ್ಷದ ಕ್ರೋನೋಗ್ರಾಫ್‌ಗೆ, ಅಂದರೆ ಸ್ಟಾಪ್‌ವಾಚ್ ಸೇರಿದ ಗಡಿಯಾರಕ್ಕೆ, ಮಾತ್ರ ಇನ್ನೊಂದು ಗಡಿಯಾರ ಕಂಪನಿಯಾದ ಬ್ರೈಟ್ಲಿಂಗ್ ಮನೆಯಿಂದ ಯಂತ್ರದ ಕೆಂಡ ತಂದು ಒಲೆ ಹಚ್ಚಬೇಕಾಯಿತು. ಹೀಗೆ ಬೇರೆ ಸಂಸಾರ ಹೂಡಿದ್ದಾಯಿತಾದರೂ ಮನೆಯ ಪಹಣಿ ಇಂದಿಗೂ ವಿಲ್ಸ್‌ಡಾರ್ಫ್ ಪ್ರತಿಷ್ಠಾನದ ಹೆಸರಿನಲ್ಲೇ ಇದೆ.

2021ರಲ್ಲಿ ತಂಗಿಯ ಸೆರಾಮಿಕ್ ಗಡಿಯಾರವೊಂದು, ಅಕ್ಕ ಕೂರುವ ಗೋಜಿಗೇ ಹೋಗದ ಸ್ವಿಸ್ ಮಾಪನ ಸಂಸ್ಥೆ ಮೆಟಾಸ್‌ನ ಪರೀಕ್ಷೆಗೆ ಕುಳಿತು, 15,000 ಗೌಸ್ ಕಾಂತಕ್ಷೇತ್ರವನ್ನು ತಾಳಿಕೊಂಡು, ದಿನಕ್ಕೆ ಒಂದು ಸೆಕೆಂಡೂ ಹಿಂದೆ ಬೀಳದೆ, ಐದಕ್ಕಿಂತ ಹೆಚ್ಚು ಮುಂದೂ ಓಡದೆ ತೇರ್ಗಡೆಯಾಯಿತು. ನೆಂಟರು ತಲೆದೂಗಿ, "ಎಷ್ಟಾದರೂ ಅವಳ ತಂಗಿಯಲ್ಲವೇ!" ಎಂದರು.

ತಂಗಿಯ ನಿಜವಾದ ಅಪರಾಧವೆಂದರೆ, ಕೇಳಿದವರಿಗೆ ಸಿಗುವುದು. ಅಕ್ಕನ ಗಾಜಿನ ಪೆಟ್ಟಿಗೆಯಲ್ಲಿ 'ಪ್ರದರ್ಶನಕ್ಕೆ ಮಾತ್ರ' ಎಂಬ ಫಲಕವಿರುತ್ತದೆ. ಹಣ ಹಿಡಿದು ಬಂದವನು ದೇವರಿಗೆ ಕೈಮುಗಿಯುವಂತೆ ನೋಡಿ, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಧನ್ಯನಾಗಿ ಹಿಂತಿರುಗುತ್ತಾನೆ. ಕೊಡದ ಅಂಗಡಿಗೆ ಇಷ್ಟು ಭಕ್ತಿ. ಕೊಡುವ ಅಂಗಡಿಯ ಮುಂದೆ, ಇಷ್ಟು ಸುಲಭವಾಗಿ ಸಿಗುತ್ತದೆಯೆಂದರೆ ಏನೋ ಐಬಿರಬೇಕೆಂಬ ಗುಮಾನಿ. ಇಬ್ಬರೂ ಒಂದೇ ಸೂರಿನಡಿ ಇರುವ ಮಳಿಗೆಯಲ್ಲಂತೂ ಗಿರಾಕಿ ಬ್ಲ್ಯಾಕ್ ಬೇಯನ್ನು ಮುಂಗೈಗೆ ಕಟ್ಟಿ, ಬೆಳಕಿಗೆ ಹಿಡಿದು, ಮುಳ್ಳುಗಳ ಹೊಳಪನ್ನು ಬಾಯ್ತುಂಬ ಹೊಗಳಿ, ಕಾರ್ಡು ತೆಗೆಯುವ ಮುನ್ನ ದನಿ ತಗ್ಗಿಸಿ ವಿಚಾರಿಸುತ್ತಾನೆ: "ಇದನ್ನು ಕೊಂಡರೆ ಅಲ್ಲಿನ ಪಟ್ಟಿಯಲ್ಲಿ ನನ್ನ ಹೆಸರು ಸ್ವಲ್ಪ ಮೇಲೆ ಹೋಗುತ್ತದೆಯೇ?"